ಬಾತ್‌ರೂಂಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್‌ನವರನ್ನು ಬೇರೆಬೇರೆಯಾಗಿ ಹಿಡಿದರೆ ಏನೇನು ಬರೆಸಿಕೊಳ್ಳಬೇಕು?

ಹೊಸಗಾರೆ:

ನಮಸ್ಕಾರ. 2 ಮೀಟರ್ × 2.5 ಮೀಟರ್ ಬಾತ್‌ರೂಂ ಒಂದನ್ನು ಪೂರ್ತಿ ಒಡೆದು ಹೊಸದಾಗಿ ಮಾಡಿಸಬೇಕಿದೆ. ಹಳೇ ಪೈಪು, ವೈರು, ಟೈಲ್ಸ್ ಎಲ್ಲ ಹೋಗುತ್ತೆ. ಗೋಡೆಯೊಳಗೆ ಕೂರುವ ಡೈವರ್ಟರ್ (ಬಿಸಿನೀರು, ತಣ್ಣೀರು ಬೆರೆಸಿ ಶವರ್ ಅಥವಾ ನಲ್ಲಿಗೆ ತಿರುಗಿಸುವ ವಾಲ್ವ್), ಹೊಸ ಗೀಸರ್, ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಷನ್ ಬರುತ್ತೆ. ಕೆಳಗಿನ ಮಹಡಿಯಲ್ಲಿ ಬೇರೆಯವರ ಮನೆ ಇದೆ, ಆದ್ದರಿಂದ ಸೋರಿಕೆ ಆಗಲೇಬಾರದು.

ಎಲ್ಲವನ್ನೂ ಒಬ್ಬ ಮುಖ್ಯ ಕಂಟ್ರಾಕ್ಟರ್‌ಗೆ ಒಪ್ಪಿಸುವ ಬದಲು ಆಯಾ ಕೆಲಸಕ್ಕೆ ಆಯಾ ಲೈಸೆನ್ಸ್ ಇರುವವರನ್ನೇ ಕರೆಸುವ ಯೋಚನೆ. ಲೈಸೆನ್ಸ್ ಅಂದರೆ ಸರಿಯಾಗಿ ಏನು ನೋಡಬೇಕು? ಯಾರ ನಂತರ ಯಾರು ಬರಬೇಕು? ಎಲ್ಲ ಮುಗಿದ ಮೇಲೆ ಸೋರಿದರೆ ಪ್ಲಂಬರ್ ಟೈಲ್ಸ್‌ನವರನ್ನು, ಟೈಲ್ಸ್‌ನವರು ಪ್ಲಂಬರ್‌ನನ್ನು ತೋರಿಸದ ಹಾಗೆ ಮೊದಲೇ ಏನು ಮಾಡಿಕೊಳ್ಳಬಹುದು?

ರಸಮಟ್ಟ:

ನಿಮ್ಮ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಬಿಡಿಬಿಡಿಯಾಗಿ ಜನ ಹಿಡಿದಾಗ ಒಬ್ಬೊಬ್ಬರ ಕೆಲಸ ಕೆಡುವುದು ಕಡಿಮೆ. ಒಬ್ಬನ ಕೆಲಸ ಮುಗಿದು ಇನ್ನೊಬ್ಬನದು ಶುರುವಾಗುವ ಜಾಗದಲ್ಲೇ ತೊಂದರೆ ಬರೋದು. ಆ ಜಾಗಕ್ಕೆ ಮುಖ್ಯ ಕಂಟ್ರಾಕ್ಟರ್ ಇದ್ದರೆ ಅವನು ಹೊಣೆ. ಇಲ್ಲದಿದ್ದರೆ ನೀವೇ. ದಿನಕ್ಕೆ ಒಂದು ಸಲವಾದರೂ ಸೈಟಿಗೆ ಹೋಗಲು ಆಗದಿದ್ದರೆ ಈ ದಾರಿ ಬೇಡ.

ಮೊದಲು ಲೈಸೆನ್ಸ್. ಕಾರ್ಡಿನ ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ಲೈಸೆನ್ಸ್ ಕೊಟ್ಟ ಇಲಾಖೆಯ ಪಟ್ಟಿಯಲ್ಲಿ ನಂಬರ್ ಹಾಕಿ ನೀವೇ ಹುಡುಕಿ. ಆ ಹೆಸರು ಮತ್ತು ನೀವು ಸಹಿ ಹಾಕುವ ಕರಾರಿನಲ್ಲಿರುವ ಹೆಸರು ಒಂದೇ ಆಗಿರಬೇಕು, ಬಿಲ್ಲಿನಲ್ಲೂ ಹಣ ಹೋಗುವ ಖಾತೆಯಲ್ಲೂ ಅದೇ ಇರಬೇಕು. ವರ್ಗ ನೋಡಿ: ನೀರಿನ ಪೈಪಿನ ಲೈಸೆನ್ಸ್ ಇದ್ದವರಿಗೆ ಗ್ಯಾಸ್ ಲೈನ್ ಮುಟ್ಟುವ ಅಧಿಕಾರ ಇರಲೇಬೇಕೆಂದಿಲ್ಲ. ಅವಧಿ ನಿಮ್ಮ ಕೆಲಸ ಮುಗಿಯುವ ತನಕ ಇದೆಯೇ ನೋಡಿ. ಲೈಸೆನ್ಸ್ ಒಬ್ಬರದು, ಗೋಡೆ ಕೊರೆಯುವವರು ಇನ್ನೊಬ್ಬರು ಅನ್ನೋದು ಸಾಮಾನ್ಯ. ಅದು ತಪ್ಪಲ್ಲ, ಆದರೆ ಲೈಸೆನ್ಸ್‌ದಾರರು ಯಾವ ಯಾವ ಹಂತದಲ್ಲಿ ಖುದ್ದಾಗಿ ಬಂದು ನೋಡುತ್ತಾರೆ ಅಂತ ಬರೆಸಿಕೊಳ್ಳಿ. ವಿದ್ಯುತ್ ಮತ್ತು ಗ್ಯಾಸಿಗೆ ಹೆಚ್ಚಿನ ಕಡೆ ಲೈಸೆನ್ಸ್ ಕಡ್ಡಾಯ. ಟೈಲ್ಸ್, ಪೇಂಟಿಂಗ್‌ಗೆ ಅನೇಕ ಕಡೆ ಲೈಸೆನ್ಸ್ ಅನ್ನೋದೇ ಇಲ್ಲ, ಅಲ್ಲಿ ಹಿಂದಿನ ಕೆಲಸ ನೋಡಿಯೇ ಆರಿಸಬೇಕು. ವಿಮೆ ಬೇರೆ ವಿಷಯ. ಕೆಲಸಗಾರರಿಗೆ ಪೆಟ್ಟಾದರೆ ಒಂದು, ಕೆಳಗಿನ ಮನೆಗೆ ಹಾನಿಯಾದರೆ ಇನ್ನೊಂದು. ನಿಮ್ಮ ಪರಿಸ್ಥಿತಿಯಲ್ಲಿ ಎರಡನೆಯದನ್ನು ಬಿಡುವ ಹಾಗಿಲ್ಲ.

ಸರದಿ ಹೀಗೆ: ಒಡೆಯುವುದು, ಮಟ್ಟದ ಗೆರೆ, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಗೋಡೆಯೊಳಗಿನ ಕೆಲಸ, ಎರಡರ ಪರೀಕ್ಷೆ, ಗ್ರೂವ್ (ಪೈಪು, ವೈರಿಗೆ ಗೋಡೆಯಲ್ಲಿ ಕೊರೆದ ಕಾಲುವೆ) ಮುಚ್ಚಿ ಗಿಲಾವು, ನೆಲಕ್ಕೆ ವಾಟ (ನೀರು ಹರಿಯಲು ಇಳಿಜಾರು), ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ನೋಡುವುದು, ಟೈಲ್ಸ್, ಗ್ರೌಟ್ (ಟೈಲ್ಸ್ ಸಂದು ತುಂಬುವುದು), ಆಮೇಲೆ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಎರಡನೇ ಸಲ ಫಿಟಿಂಗ್‌ಗೆ, ಕೊನೆಗೆ ಗಾಜು. ಇಬ್ಬರೂ ಎರಡೆರಡು ಸಲ ಬರಬೇಕು ಅನ್ನೋದನ್ನು ಕೊಟೇಷನ್‌ನಲ್ಲೇ ಬರೆಸಿ. ಬರೆಸದಿದ್ದರೆ ಫಿಟಿಂಗ್ ಸಮಯಕ್ಕೆ ಹೊಸ ಲೆಕ್ಕ ಶುರುವಾಗುತ್ತೆ.

ಮಟ್ಟದ ಗೆರೆ ಅಂದೆನಲ್ಲ, ಈ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಸಂಗತಿ ಅದೇ. ಮುಗಿದ ನೆಲ ಎಲ್ಲಿಗೆ ಬರುತ್ತೆ ಅಂತ ಬಾಗಿಲ ಹತ್ತಿರ ತೀರ್ಮಾನಿಸಿ (ಹೊರಗಿನ ನೆಲಕ್ಕಿಂತ 10–20 ಮಿ.ಮೀ. ತಗ್ಗು ಇರಲಿ), ಅಲ್ಲಿಂದ ಸರಿಯಾಗಿ 1 ಮೀಟರ್ ಮೇಲೆ ಲೇಸರ್‌ನಿಂದಲೋ ನೀರಿನ ಟ್ಯೂಬಿನಿಂದಲೋ ನಾಲ್ಕೂ ಗೋಡೆಗೆ ಗೆರೆ ಎಳೆಸಿ. ಡ್ರೈನಿನ ಬಾಯಿ, ಡೈವರ್ಟರ್, ಸ್ವಿಚ್ ಬಾಕ್ಸ್, ಗೀಸರ್ ಇನ್‌ಲೆಟ್ ಎಲ್ಲದರ ಎತ್ತರವೂ ಆ ಗೆರೆಯಿಂದಲೇ. ಅದಿಲ್ಲದಿದ್ದರೆ ಪ್ಲಂಬರ್ ಸ್ಲ್ಯಾಬಿನಿಂದ ಅಳೆಯುತ್ತಾರೆ, ಟೈಲ್ಸ್‌ನವರು ಬಾಗಿಲಿಂದ ಅಳೆಯುತ್ತಾರೆ, ಡ್ರೈನಿನ ಜಾಲರಿ ನೆಲಕ್ಕಿಂತ ಮೇಲೆ ಕೂತಿರುತ್ತೆ.

ಡೈವರ್ಟರ್ ವಿಷಯವೂ ಇದೇ ಜಾತಿಯದು. ಅದರ ಬಾಡಿ ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕನಿಷ್ಠ, ಗರಿಷ್ಠ ಅಂತ ಎರಡು ಗುರುತು ಇರುತ್ತೆ. ಮುಗಿದ ಟೈಲ್ಸಿನ ಮುಖ ಅವೆರಡರ ನಡುವೆ ಬರಬೇಕು. ಬರೀ ಇಟ್ಟಿಗೆ ಗೋಡೆಯಾದರೆ ಗಿಲಾವು 12–15, ವಾಟರ್‌ಪ್ರೂಫ್ ಲೇಪ 1–2, ಅಂಟು 5, ಟೈಲ್ಸ್ 8–10, ಒಟ್ಟು 26–32 ಮಿ.ಮೀ. ಮುಂದೆ ಬರುತ್ತೆ. ಟೈಲ್ಸ್ ಇನ್ನೂ ಕೊಂಡಿಲ್ಲ ಅಂದರೆ ಪ್ಲಂಬರ್‌ಗೆ ಈ ಲೆಕ್ಕ ಹಾಕಲು ಆಗಲ್ಲ. ಹಾಗಾಗಿ ಟೈಲ್ಸು, ಡೈವರ್ಟರ್, ಡ್ರೈನ್ ಮೂರನ್ನೂ ಮೊದಲ ಗ್ರೂವ್ ಹೊಡೆಯುವ ಮುಂಚೆ ಸೈಟಿನಲ್ಲಿ ತಂದಿಡಿ.

ಇನ್ನು ಜಗಳಕ್ಕೆ ಕಾರಣವಾಗುವ ಚಿಲ್ಲರೆ ಕೆಲಸಗಳು: ಗ್ರೂವ್ ಹೊಡೆದವರೇ ಮುಚ್ಚಬೇಕೇ? ಅದರ ಮೇಲೆ ಮೆಶ್ (ಬಿರುಕು ತಡೆಯುವ ಜಾಲರಿ) ಯಾರದು? ಅವಶೇಷ ಸಾಗಿಸುವವರು ಯಾರು? ಟೈಲ್ಸಿನಲ್ಲಿ ಪೈಪಿಗೆ ತೂತು ಯಾರು ಕೊರೆಯುತ್ತಾರೆ? ಕಮೋಡಿನ ಸುತ್ತ ಸಿಲಿಕೋನ್? ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು ಎದುರಿಗೆ ಒಂದೊಂದು ಹೆಸರು ಹಾಕಿ, ಅದೇ ಹಾಳೆಯನ್ನು ಎಲ್ಲರಿಗೂ ಕೊಟ್ಟು ಕೊಟೇಷನ್ ಕೇಳಿ. ‘ಪಾಯಿಂಟಿಗೆ ಇಷ್ಟು’ ಅನ್ನುವ ರೇಟನ್ನು ಹಾಗೇ ಹೋಲಿಸಬೇಡಿ. ಒಬ್ಬರ ಪಾಯಿಂಟ್‌ನಲ್ಲಿ ಡಿಬಿಯಿಂದ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಬರುವ ವೈರೂ ಸೇರಿರುತ್ತೆ, ಇನ್ನೊಬ್ಬರದರಲ್ಲಿ ಬಾಕ್ಸು, ಸ್ವಿಚ್ಚು ಕೂಡ ಇರಲ್ಲ.

ಹಣ: ಮುಂಗಡ ಚಿಕ್ಕದಿರಲಿ, ಸಾಮಾನಿನ ಹಣ ಬಿಲ್ ನೋಡಿ, ಮಜೂರಿ ಹಂತಹಂತವಾಗಿ. ಎಲ್ಲರಿಂದಲೂ 10% ಹಿಡಿದಿಟ್ಟು, ಬಾತ್‌ರೂಂ ಒಂದು ತಿಂಗಳು ಬಳಸಿದ ಮೇಲೆ ಕೊಡಿ.

ಮೂರನೇತಂತಿ:

ವಿದ್ಯುತ್ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಬಾತ್‌ರೂಂ ಒಂದಕ್ಕೆ ಅಂತ ಹೊಸ ಎಲೆಕ್ಟ್ರಿಷಿಯನ್ ಕರೆಸಿದಾಗ ಅವರು ಮನೆಯ ಉಳಿದ ವೈರಿಂಗ್ ನೋಡದೆ ಕೊಟೇಷನ್ ಕೊಟ್ಟರೆ ಒಪ್ಪಬೇಡಿ. ಡಿಬಿ ಮುಚ್ಚಳ ತೆಗೆದು ನೋಡಲೇಬೇಕು. ಜಾಗ ಇದೆಯೇ, ಅರ್ತ್ ನಿಜವಾಗಿ ಇದೆಯೇ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಎಷ್ಟು ಮಿಲಿಆಂಪ್‌ನದು ಅಂತ. ಬಾತ್‌ರೂಂ ಸರ್ಕ್ಯೂಟಿಗೆ 30 ಮಿಲಿಆಂಪ್‌ನದು ಬೇಕು. 100 ಅಥವಾ 300 ಮಿಲಿಆಂಪ್‌ನದು ಬೆಂಕಿ ತಡೆಯಲು, ಮನುಷ್ಯನಿಗೆ ಶಾಕ್ ಹೊಡೆಯುವುದನ್ನು ತಡೆಯಲು ಅಲ್ಲ.

ಗೀಸರ್‌ಗೆ ಪ್ರತ್ಯೇಕ ಸರ್ಕ್ಯೂಟ್. 230 ವೋಲ್ಟ್ ಇರುವ ಕಡೆ 2000 ವಾಟ್ ಅಂದರೆ ಸುಮಾರು 8.7 ಆಂಪ್, 3000 ವಾಟ್ ಅಂದರೆ 13 ಆಂಪ್. ವೈರಿನ ದಪ್ಪ ಅದರ ಮೇಲೆ, ಡಿಬಿಯಿಂದ ಎಷ್ಟು ದೂರ, ಒಂದೇ ಪೈಪಿನಲ್ಲಿ ಎಷ್ಟು ವೈರು ಅನ್ನೋದರ ಮೇಲೆ ನಿಲ್ಲುತ್ತೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಆ ವೈರನ್ನು ಕಾಯಲು ಇರೋದು. ಪದೇಪದೇ ಬೀಳುತ್ತೆ ಅಂತ ವೈರು ಬದಲಿಸದೆ ದೊಡ್ಡ ಎಂಸಿಬಿ ಹಾಕುವವರು ಲೈಸೆನ್ಸ್ ಇದ್ದರೂ ಬೇಡ. ಸ್ವಿಚ್ ಎರಡೂ ತಂತಿ ಕತ್ತರಿಸುವ ಡಬಲ್ ಪೋಲ್ ಆಗಿರಲಿ, ಬಾತ್‌ರೂಮಿನ ಹೊರಗಿರಲಿ. ಸ್ನಾನದ ಜಾಗದ ಮೇಲೆ 2.25 ಮೀಟರ್ ಎತ್ತರದವರೆಗೆ ಮತ್ತು ಅದರ ಅಂಚಿನಿಂದ 60 ಸೆಂ.ಮೀ. ಆಚೆಯವರೆಗೆ ಸಾಕೆಟ್ ಯೋಚನೆಯೇ ಬೇಡ. ಅದರಾಚೆ ಎಷ್ಟು ದೂರ ಬಿಡಬೇಕು ಅನ್ನೋದಕ್ಕೆ ನಿಮ್ಮ ಕಡೆಯ ನಿಯಮ ನೋಡಿ.

ಗೋಡೆ ಮುಚ್ಚುವ ಮುಂಚೆ ಎರಡು ಪರೀಕ್ಷೆ: ಡಿಬಿಯಿಂದ ಪ್ರತಿ ಬಾಕ್ಸಿಗೆ ಅರ್ತ್ ತಂತಿ ಕಡಿಯದೆ ತಲುಪಿದೆಯೇ, ಮತ್ತು 500 ವೋಲ್ಟ್ ಡಿಸಿ ಮೆಗ್ಗರ್‌ನಲ್ಲಿ (ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತಾ ಅಂತ ಅಳೆಯುವ ಉಪಕರಣ) ಇನ್ಸುಲೇಷನ್. 230 ವೋಲ್ಟ್ ಸರ್ಕ್ಯೂಟಿಗೆ ಕನಿಷ್ಠ 1 ಮೆಗಾಓಮ್ ಅಂತ ನಿಯಮ. ಆದರೆ ಹೊಸ ವೈರಿಂಗ್‌ನಲ್ಲಿ 2 ಬಂದರೆ ‘ಪಾಸಾಯ್ತು’ ಅಂತ ಬಿಡಬೇಡಿ. ಹೊಸದರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರಬೇಕು. 2 ಅಂದರೆ ಎಲ್ಲೋ ತೇವ ಹೊಕ್ಕಿದೆ ಅಥವಾ ಎಳೆಯುವಾಗ ವೈರಿನ ತೊಗಟೆ ಸುಲಿದಿದೆ. ಪರೀಕ್ಷೆಗೆ ಮೊದಲು ಎಲೆಕ್ಟ್ರಾನಿಕ್ ಸಾಮಾನೆಲ್ಲ ಬಿಡಿಸಿಡಬೇಕು, ಇಲ್ಲದಿದ್ದರೆ ಅವು ಸುಟ್ಟುಹೋಗಬಹುದು.

ಬೇರೆ ಬೇರೆ ಕೈಗಳು ಡಿಬಿ ಮುಟ್ಟಿದಾಗ ಬರುವ ಇನ್ನೊಂದು ಕಾಯಿಲೆ: ಬಾತ್‌ರೂಂ ಫೇಸ್ ಹೊಸ ಆರ್‌ಸಿಸಿಬಿಯಿಂದ, ನ್ಯೂಟ್ರಲ್ ಮಾತ್ರ ಹಳೇ ಬಾರಿನಿಂದ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ). ಹೋದ ಕರೆಂಟು ಅದೇ ಆರ್‌ಸಿಸಿಬಿ ಮೂಲಕ ವಾಪಸ್ ಬರದ ಕಾರಣ ಲೋಡ್ ಹಾಕಿದ ತಕ್ಷಣ ಟ್ರಿಪ್. ಪ್ಲಂಬರ್ ಗೀಸರ್ ಕೆಟ್ಟಿದೆ ಅಂತಾರೆ, ಗೀಸರ್ ಕಂಪನಿಯವರು ವೈರಿಂಗ್ ಅಂತಾರೆ. ಪ್ರತಿ ಆರ್‌ಸಿಸಿಬಿಗೆ ಅದರದೇ ನ್ಯೂಟ್ರಲ್ ಬಾರ್ ಇದ್ದರೆ ಇದು ಬರೋದೇ ಇಲ್ಲ.

ಗೋಡೆ ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆಸಿ. ಆಮೇಲೆ ಗಾಜಿನವರು, ಕನ್ನಡಿ ಹಾಕುವವರು ಡ್ರಿಲ್ ಹಿಡಿದು ಬರುತ್ತಾರಲ್ಲ, ಅವರಿಗೆ ಬೇಕಾಗುತ್ತೆ. ಕಾಲಂ, ಬೀಮ್ ಕೊರೆಯಲು ಯಾರಿಗೂ ಬಿಡಬೇಡಿ. ಇಟ್ಟಿಗೆ ಗೋಡೆಯಲ್ಲೂ ನೇರ ಗ್ರೂವ್ ಗೋಡೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ, ಅಡ್ಡ ಗ್ರೂವ್ ಆರನೇ ಒಂದು ಭಾಗಕ್ಕಿಂತ ಆಳ ಹೋಗಬಾರದು ಅನ್ನೋದು ಸಾಮಾನ್ಯ ಲೆಕ್ಕ.

ಒತ್ತಡಮಾಪಕ:

ರಸಮಟ್ಟ ಅವರು ಹೇಳಿದ್ದರಲ್ಲಿ ಒಂದನ್ನು ಒಪ್ಪಲ್ಲ. ಎಲ್ಲರಿಂದಲೂ 10% ಒಂದು ತಿಂಗಳು ಹಿಡಿದಿಟ್ಟರೆ, ತನ್ನ ಕೆಲಸ ಸರಿ ಮಾಡಿದ ಪ್ಲಂಬರ್ ಗಾಜಿನವನ ಸ್ಕ್ರೂಗೆ ದಂಡ ಕಟ್ಟಿದ ಹಾಗಾಗುತ್ತೆ. ಕೆಲಸ ಬಲ್ಲವರು ಇಂಥ ಕರಾರಿಗೆ ಬರೋದೂ ಇಲ್ಲ. ಪರೀಕ್ಷೆ ಮಾಡಿ ತೋರಿಸಬಹುದಾದದ್ದಕ್ಕೆ ಪರೀಕ್ಷೆಯ ದಿನವೇ ಪೂರ್ತಿ ಹಣ ಕೊಡಿ. ಕಾಲ ಕಳೆದ ಮೇಲೆ ಮಾತ್ರ ಗೊತ್ತಾಗುವ ಟೈಲ್ಸ್, ವಾಟರ್‌ಪ್ರೂಫಿಂಗ್‌ಗೆ ಬಾಕಿ ಹಿಡಿಯಿರಿ.

ಪೈಪಿನ ಪರೀಕ್ಷೆ: ಎಲ್ಲ ಬಾಯಿಗೂ ಎಂಡ್ ಪ್ಲಗ್ ಹಾಕಿ, ನೀರು ತುಂಬಿಸಿ, ಗಾಳಿ ಪೂರ್ತಿ ಹೊರಬಿಟ್ಟು, ಕೈಪಂಪಿನಲ್ಲಿ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಬೇಕು. 3 ಬಾರ್ ಇದ್ದರೆ 4.5. ಅಂಟು ಹಾಕಿದ ಸಿಪಿವಿಸಿ (ಬಿಸಿನೀರಿಗೂ ಬರುವ ಪ್ಲಾಸ್ಟಿಕ್ ಪೈಪ್) ಜಾಯಿಂಟಾದರೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆಯೇ. ಚಳಿಗೆ, ದಪ್ಪ ಪೈಪಿಗೆ ಆ ಹೊತ್ತು ಜಾಸ್ತಿ. ಗಾಳಿ ತುಂಬಿಸಿ ಪರೀಕ್ಷೆ ಮಾಡುತ್ತೇನೆ ಅಂದರೆ ನಿಲ್ಲಿಸಿ, ಪ್ಲಾಸ್ಟಿಕ್ ಪೈಪ್ ಒಡೆದರೆ ಚೂರುಗಳು ಸಿಡಿಯುತ್ತವೆ. ಪಂಪಿನ ಒತ್ತಡದ ಗೇಜಿನ ಮುಳ್ಳು ಮೊದಲು ಸ್ವಲ್ಪ ಇಳಿದು ನಿಂತರೆ ಪೈಪ್ ಹಿಗ್ಗಿದ್ದು ಅಥವಾ ನೀರು ತಣ್ಣಗಾದದ್ದು ಇರಬಹುದು, ಮತ್ತೆ ಏರಿಸಿ ನೋಡಿ. ಒಂದೇ ಸಮನೆ ಇಳಿಯುತ್ತಾ ಹೋದರೆ ಸೋರಿಕೆ.

ಪರೀಕ್ಷೆ ಮುಗಿಯಿತು ಅಂತ ಗೇಜ್ ಬಿಚ್ಚಿಸಬೇಡಿ. ಗ್ರೂವ್ ಮುಚ್ಚುವಾಗ, ಟೈಲ್ಸ್ ಹಾಕುವಾಗ ಪೈಪಿನಲ್ಲಿ ಒತ್ತಡ ಹಾಗೇ ಇರಲಿ. ಯಾರಾದರೂ ಮೊಳೆ ಹೊಡೆದರೆ, ಡ್ರಿಲ್ ತಗುಲಿಸಿದರೆ ಮುಳ್ಳು ಅದೇ ಕ್ಷಣ ಬೀಳುತ್ತೆ, ಆಗ ಆ ಕೋಣೆಯಲ್ಲಿ ಇದ್ದವರು ಯಾರು ಅನ್ನೋದಕ್ಕೆ ವಾದ ಬೇಡ. ನೀವು ಕೇಳಿದ ‘ಯಾರನ್ನು ತೋರಿಸಬೇಕು’ ಪ್ರಶ್ನೆಗೆ ಅರ್ಧ ಉತ್ತರ ಈ ಗೇಜಿನಲ್ಲೇ ಇದೆ.

ಡ್ರೈನ್ ಪೈಪಿಗೆ ಮೀಟರಿಗೆ 2 ಸೆಂ.ಮೀ. ವಾಟ. ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಡ್ರೈನಿನ ಭಾಗ) 50 ಮಿ.ಮೀ. ನೀರು ನಿಲ್ಲಬೇಕು, ಇಲ್ಲದಿದ್ದರೆ ವಾಸನೆ.

ವಾಟರ್‌ಪ್ರೂಫಿಂಗ್ ಅಳೆಯುವ ಸುಲಭ ಉಪಾಯ ಖಾಲಿ ಡಬ್ಬಿ ಎಣಿಸೋದು. ನಿಮ್ಮ ನೆಲ 5 ಚದರ ಮೀಟರ್. ಸ್ನಾನದ ಕಡೆ 3 ಮೀಟರ್ ಗೋಡೆ 1.8 ಮೀಟರ್ ಎತ್ತರಕ್ಕೆ ಅಂದರೆ 5.4, ಉಳಿದ 6 ಮೀಟರಿಗೆ 30 ಸೆಂ.ಮೀ. ಎತ್ತರ ಅಂದರೆ 1.8. ಒಟ್ಟು 12 ಚಿಲ್ಲರೆ. ಪ್ಯಾಕಿನ ಮೇಲೆ ಎರಡು ಕೋಟ್‌ಗೆ ಚದರ ಮೀಟರಿಗೆ 1.5 ಕೆಜಿ ಅಂತಿದ್ದರೆ 18 ಕೆಜಿ ಬೇಕು. ಸೈಟಿನಲ್ಲಿ 10 ಕೆಜಿ ಮಾತ್ರ ಖರ್ಚಾಗಿದ್ದರೆ ಎರಡನೇ ಕೋಟ್ ಹೆಸರಿಗೆ ಮಾತ್ರ. ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ ಬರಬೇಕು, ಬಣ್ಣ ಬೇರೆ ಸಿಗುವುದಾದರೆ ಬೇರೆಯೇ ತರಿಸಿ, ಬಿಟ್ಟ ಜಾಗ ಕಣ್ಣಿಗೆ ಬೀಳುತ್ತೆ. ಸೋರುವುದು ಬಯಲಲ್ಲಿ ಅಲ್ಲ. ನೆಲ-ಗೋಡೆ ಸೇರುವ ಮೂಲೆ, ಪೈಪ್ ತೂರಿದ ಜಾಗ, ಡ್ರೈನಿನ ಕುತ್ತಿಗೆ, ಬಾಗಿಲ ಹೊಸಿಲು, ಇವೇ ನಾಲ್ಕು. ಮೂಲೆಗಳಿಗೆ ಮೆಶ್ ಪಟ್ಟಿ ಕೂರಿಸಿ ಲೇಪಿಸಿದ್ದಾರಾ ನೋಡಿ.

ಲೇಪ ಪೂರ್ತಿ ಒಣಗಿದ ಮೇಲೆ ಡ್ರೈನಿಗೆ ಪ್ಲಗ್ ಹಾಕಿ, ಹೊಸಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ 5 ಸೆಂ.ಮೀ. ನೀರು ನಿಲ್ಲಿಸಿ. ನಿಮ್ಮ ನೆಲಕ್ಕೆ 250 ಲೀಟರ್, ಅಂದರೆ 250 ಕೆಜಿ ಭಾರ, ಹಳೇ ಸ್ಲ್ಯಾಬಾದರೆ ಮೊದಲು ವಿಚಾರಿಸಿ. ಕನಿಷ್ಠ 24 ಗಂಟೆ, ಕೆಳಗೆ ಮನೆ ಇರುವುದರಿಂದ 72 ಗಂಟೆ ಬಿಡಿ. ಗೋಡೆಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ಅಷ್ಟೇ ಆಳ ನೀರಿನ ಅಗಲವಾದ ಟಬ್ ಒಂದಿಡಿ. ಟಬ್ಬಿನಲ್ಲಿ 2 ಮಿ.ಮೀ. ಇಳಿದು ನೆಲದಲ್ಲೂ ಅಷ್ಟೇ ಇಳಿದಿದ್ದರೆ ಆವಿಯಾದದ್ದು. ನೆಲದಲ್ಲಿ ಮಾತ್ರ ಜಾಸ್ತಿ ಇಳಿದಿದ್ದರೆ ಮೊದಲು ಪ್ಲಗ್ ನೋಡಿ, ಆಮೇಲೆ ಲೇಪ. ಕೆಳಗಿನ ಮನೆಯವರ ಛಾವಣಿಯ ಫೋಟೋ ಪರೀಕ್ಷೆಗೆ ಮೊದಲೇ ತೆಗೆದಿಟ್ಟುಕೊಳ್ಳಿ, ಹಳೇ ಕಲೆ ಹೊಸದಾಗಬಾರದು.

ಹೊಸಗಾರೆ:

ಮೂವರಿಗೂ ಧನ್ಯವಾದ. ಹಾಳೆ ಮಾಡಿ ಕೊಟೇಷನ್ ಕೇಳಿದೆ. ಮೂರು ಪ್ರಶ್ನೆ ಉಳಿದಿದೆ.

ಟೈಲ್ಸ್‌ನವರು ‘ವಾಟರ್‌ಪ್ರೂಫಿಂಗ್ ನಮಗೇ ಬಿಡಿ, ಬೇರೆಯವರು ಯಾಕೆ’ ಅಂತಾರೆ. ಪ್ಲಂಬರ್ ಕೊಟ್ಟ ಲೈಸೆನ್ಸ್ ಅವರ ಅಣ್ಣನ ಹೆಸರಲ್ಲಿದೆ. ಎಲೆಕ್ಟ್ರಿಷಿಯನ್ ಅವರು ಪರ್ಮಿಟ್ ಅರ್ಜಿಯನ್ನು ಮನೆ ಮಾಲೀಕರ ಹೆಸರಲ್ಲಿ ನೀವೇ ಹಾಕಿ, ಬೇಗ ಆಗುತ್ತೆ ಅಂತಾರೆ. ಏನು ಮಾಡಲಿ?

ರಸಮಟ್ಟ:

ಮೊದಲು ಹಣದ ವಿಷಯ: ಒತ್ತಡಮಾಪಕ ಅವರ ವಾದ ಸರಿ, ಅವರು ಹೇಳಿದ ಹಾಗೇ ಮಾಡಿ.

ಟೈಲ್ಸ್‌ನವರಿಗೇ ವಾಟರ್‌ಪ್ರೂಫಿಂಗ್ ಕೊಡೋದು ಈ ಇಡೀ ಕೆಲಸದಲ್ಲಿ ತೆಗೆದುಹಾಕಲೇಬೇಕಾದ ಗಡಿಯನ್ನು ತೆಗೆದ ಹಾಗೆ. ಲೇಪದ ಮೇಲೆ ಬಕೆಟ್ಟು, ಟೈಲ್ಸ್ ಕಟ್ಟರ್ ಎಳೆದಾಡುವವರು ಅವರೇ, ಹರಿದರೆ ಹೊಣೆಯೂ ಅವರದೇ ಆಗುತ್ತೆ. ಹಾಗಾಗಿ ಅವರಿಗೇ ಕೊಡಿ, ಆದರೆ ಮೂರು ಷರತ್ತು ಇರಲಿ: ಕೊಟೇಷನ್‌ನಲ್ಲಿ ಅದು ಪ್ರತ್ಯೇಕ ಸಾಲಾಗಿ ಬರಲಿ, ‘ಸೇರಿದೆ’ ಅಂತ ಬೇಡ. ಸಾಮಾನಿನ ಹೆಸರು, ಎಷ್ಟು ಕೆಜಿ ಅಂತ ಬರೆಯಲಿ, ಅಂಟು ಆ ಲೇಪಕ್ಕೆ ಹೊಂದುವುದು ಅಂತ ತಯಾರಕರ ಹಾಳೆಯಲ್ಲಿ ಇರಲಿ. ನೀರು ನಿಲ್ಲಿಸಿದ ಪರೀಕ್ಷೆ ನೀವು ನೋಡದೆ ಒಂದು ಟೈಲ್ಸೂ ಕೂರಬಾರದು. ಟೈಲ್ಸ್ ಶುರುವಾದ ಮೊದಲ ದಿನ ಆಗಷ್ಟೇ ಕೂರಿಸಿದ ಒಂದನ್ನು ಎತ್ತಿಸಿ ನೋಡಿ. ಒದ್ದೆ ಜಾಗದಲ್ಲಿ ಹಿಂಬದಿಯ 95% ಗೆ ಅಂಟು ಹಿಡಿದಿರಬೇಕು. ಐದು ಉಂಡೆ ಇಟ್ಟು ಒತ್ತಿದ್ದರೆ ಅಲ್ಲೇ ನಿಲ್ಲಿಸಿ, ಖಾಲಿ ಜಾಗದಲ್ಲಿ ನೀರು ಸೇರಿಕೊಳ್ಳುತ್ತೆ, ಭಾರ ಬಿದ್ದರೆ ಟೈಲ್ಸ್ ಬಿರಿಯುತ್ತೆ. ಇನ್ನೊಂದು, ಸ್ನಾನದ ಜಾಗದ ನಡುವೆ ಸಣ್ಣ ಜಾಲರಿ ಇಟ್ಟು 60 × 120 ಸೆಂ.ಮೀ. ಟೈಲ್ಸ್ ಆರಿಸಿದ್ದರೆ ನಾಲ್ಕು ಕಡೆಯಿಂದ ವಾಟ ಬರಲ್ಲ. ಸಣ್ಣ ಟೈಲ್ಸ್ ತಗೊಳ್ಳಿ ಅಥವಾ ಗೋಡೆಯ ಬದಿಗೆ ಉದ್ದನೆಯ ಡ್ರೈನ್ ಹಾಕಿಸಿ. ಇದನ್ನು ಪ್ಲಂಬರ್ ಬರುವ ಮೊದಲೇ ತೀರ್ಮಾನಿಸಬೇಕು.

ಅಣ್ಣನ ಲೈಸೆನ್ಸ್: ಅಣ್ಣನೇ ಕರಾರಿಗೆ ಸಹಿ ಹಾಕಿ, ಬಿಲ್ ಅವರ ಹೆಸರಲ್ಲೇ ಬಂದು, ಒತ್ತಡದ ಪರೀಕ್ಷೆಗೆ ಖುದ್ದಾಗಿ ಬರುವುದಾದರೆ ಸರಿ. ಇಲ್ಲದಿದ್ದರೆ ನಿಮ್ಮ ಮಟ್ಟಿಗೆ ಅದು ಲೈಸೆನ್ಸ್ ಇಲ್ಲದ ಕೆಲಸ. ದೂರು ಕೊಟ್ಟರೆ ಅಣ್ಣ ‘ನನಗೂ ಅದಕ್ಕೂ ಸಂಬಂಧವಿಲ್ಲ’ ಅಂದರೆ ಮುಗಿಯಿತು. ವಿಮೆಯವರೂ ಅದೇ ಮಾತು ಹೇಳಬಹುದು.

ಮೂರನೇತಂತಿ:

ಪರ್ಮಿಟ್ ವಿಷಯಕ್ಕೆ: ಅರ್ಜಿ ಯಾರ ಹೆಸರಲ್ಲೋ ಸಾಮಾನ್ಯವಾಗಿ ಹೊಣೆಯೂ ಅವರದೇ. ಪರಿಶೀಲನೆಯಲ್ಲಿ ಫೇಲಾದರೆ ಸರಿಪಡಿಸಬೇಕಾದವರು ನೀವಾಗುತ್ತೀರಿ. ‘ಬೇಗ ಆಗುತ್ತೆ’ ಅನ್ನೋದರ ಹಿಂದೆ ಬಹಳ ಸಲ ಲೈಸೆನ್ಸ್ ಅವಧಿ ಮುಗಿದಿರೋದೋ, ಆ ವರ್ಗದ ಅಧಿಕಾರ ಇಲ್ಲದಿರೋದೋ ಇರುತ್ತೆ. ಅವರ ನಂಬರನ್ನು ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿ. ಸರಿಯಿದ್ದರೆ ಅವರ ಹೆಸರಲ್ಲೇ ಅರ್ಜಿ ಹಾಕಲು ಹೇಳಿ, ಶುಲ್ಕ ನೀವು ಕೊಡಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಕೊನೆಯ ಕಂತನ್ನು ಪರೀಕ್ಷೆಯ ಅಂಕಿಗಳಿರುವ ಸಹಿ ಮಾಡಿದ ವರದಿ ಕೈಗೆ ಬಂದ ಮೇಲೆ ಕೊಡಿ.

ಒತ್ತಡಮಾಪಕ:

ನಿಮ್ಮ ಹಾಳೆಯಲ್ಲಿ ಗೀಸರ್ ಇಬ್ಬರ ಹೆಸರಿನ ಎದುರೂ ಇದೆಯೇ ನೋಡಿ. ಕರೆಂಟ್ ಕನೆಕ್ಷನ್ ಎಲೆಕ್ಟ್ರಿಷಿಯನ್‌ದು, ಸೇಫ್ಟಿ ವಾಲ್ವ್ ಪ್ಲಂಬರ್‌ದು. ಆ ವಾಲ್ವಿನಿಂದ ಕಾಯುವಾಗ ಹನಿ ಬೀಳೋದು ಸಹಜ, ಬಿಸಿಯಾದ ನೀರು ಹಿಗ್ಗುತ್ತೆ. ‘ಸೋರುತ್ತಿದೆ’ ಅಂತ ಅದರ ಬಾಯಿಗೆ ಪ್ಲಗ್ ಹಾಕುವವರಿದ್ದಾರೆ, ಅದು ಟ್ಯಾಂಕನ್ನೇ ಸಿಡಿಸಬಹುದು. ಅಲ್ಲಿಂದ ಒಂದು ಸಣ್ಣ ಪೈಪ್ ಡ್ರೈನಿನ ಕಡೆ ಇಳಿಬಿಡಲು ಈಗಲೇ ಹೇಳಿ. ನೀರು ಮೊದಲು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಇಲ್ಲದೆ ಧಾರೆ ಬಂದ ಮೇಲೆ ಸ್ವಿಚ್. ತಿರುಗಾ ಮುರುಗಾ ಆದರೆ ಎಲಿಮೆಂಟ್ ಸುಟ್ಟುಹೋಗುತ್ತೆ, ಸಾಮಾನ್ಯವಾಗಿ ವಾರಂಟಿಯಲ್ಲಿ ಅದು ಬರಲ್ಲ.

ಗಾಜಿನವರಿಗೆ ಅಳತೆಯನ್ನು ಟೈಲ್ಸ್, ಗ್ರೌಟ್ ಮುಗಿದ ಮೇಲೆಯೇ ತೆಗೆಯಲು ಹೇಳಿ. ಟಫನ್ ಮಾಡಿದ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನು ಆಮೇಲೆ ಒಂದು ಮಿ.ಮೀ. ಕೂಡ ಕತ್ತರಿಸಲು, ಕೊರೆಯಲು ಬರಲ್ಲ, ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ನೆಲದ ಚಾನಲ್‌ಗೆ ಸ್ಕ್ರೂ ಬೇಡ, ಸಿಲಿಕೋನ್‌ನಲ್ಲಿ ಅಂಟಿಸಲಿ. ನೆಲಕ್ಕೆ ಬೋಲ್ಟ್ ಆಗುವ ಕಮೋಡ್ ಆದರೆ ಅದೂ ಲೇಪವನ್ನು ತೂತು ಮಾಡುತ್ತೆ. ತೂತಿನ ಧೂಳು ಊದಿ ತೆಗೆದು, ಒಳಗೆ ಸೀಲಂಟ್ ತುಂಬಿಸಿ, ಅದು ಹಸಿ ಇರುವಾಗಲೇ ಬೋಲ್ಟ್ ಇಳಿಸಬೇಕು.